ಮಣ್ಣೆತ್ತು ತಿಂದವಳು ನಾನು

ಆ ಎತ್ತುಗಳನ್ನು ತಿಂದವಳು ನಾನು. ಕದ್ದವಳೂ ನಾನೇ. ಮಲ್ಲಪ್ಪ ಕದಿಯಲಿಲ್ಲ, ಮಾಟ ಮಾಡಲಿಲ್ಲ, ಮಳೆ ಕಟ್ಟಲಿಲ್ಲ – ರಬಕವಿಯ ನಮ್ಮ ಓಣಿಯವರು ಅವನ ಮೇಲೆ ಏನೇನು ಹೊರಿಸಿದರೋ ಅದರಲ್ಲಿ ಒಂದನ್ನೂ ಅವನು ಮಾಡಲಿಲ್ಲ. ಇಷ್ಟು ಬರೆಯಲು ನನಗೆ ಒಂದು ಆಯುಷ್ಯವೇ ಬೇಕಾಯಿತು. ನಾನು ಮೂರನೇ ಇಯತ್ತೆ ಕಲಿತವಳು, ಒತ್ತಕ್ಷರ ಈಗಲೂ ತಪ್ಪು ಬರೆಯುತ್ತೇನೆ. ಆದರೆ ತಡವಾದದ್ದು ಒತ್ತಕ್ಷರದಿಂದಲ್ಲ.

ಇವತ್ತು ಯಾಕೆ ಬರೆಯುತ್ತಿದ್ದೇನೆ ಅಂದರೆ – ಸಂತೋಷ, ಮತ್ತೇನಲ್ಲ. ನನ್ನ ಮೊಮ್ಮಗಳು ಸುಮಿತ್ರಾ ಬಸುರಿ. ನಾನು ಮುತ್ತಜ್ಜಿ ಆಗುತ್ತೇನೆ. ಈ ಮಾತನ್ನು ಹಾಲು ಹಾಕುವವಳಿಗೆ ಹೇಳಿದೆ, ಮಹಾಲಿಂಗಪುರದ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದ ಹೆಂಗಸಿಗೂ ಹೇಳಿದೆ, ಆಕೆ ಇಳಿದು ಹೋದ ಮೇಲೆ ಕಂಡಕ್ಟರನಿಗೆ ಹೇಳಿದೆ. ಒಲೆಯ ಮೇಲಿನ ಹಾಲು ಉಕ್ಕುವಾಗ ಬರೀ ಕೆನೆ ಅಷ್ಟೇ ಹೊರಗೆ ಬರುವುದಿಲ್ಲ, ತಳ ಹಿಡಿದದ್ದೂ ಬರುತ್ತದೆ. ನನ್ನದೂ ಹಾಗೇ ಆಗಿದೆ. ಸುಮಿತ್ರಾಳ ಗಂಡ ಬೇರೆ ಯಾರೂ ಅಲ್ಲ, ಅದೇ ಮಲ್ಲಪ್ಪನ ಮೊಮ್ಮಗ.

ಮೊದಲಿನಿಂದ ಹೇಳುತ್ತೇನೆ.

ಆಗ ನಮ್ಮದು ಮುಂಬೈ ಸರಕಾರ. ರಾಜರ ಆಳ್ವಿಕೆ ಹೋಗಿ ನಾಲ್ಕಾರು ವರ್ಷ ಆಗಿತ್ತೋ ಏನೋ. ನಾನು ಬೀಳಗಿಯ ಹುಡುಗಿ, ರಬಕವಿಯ ನೇಕಾರರ ಮನೆಗೆ ಸೊಸೆಯಾಗಿ ಬಂದಿದ್ದೆ. ಮನೆಯಲ್ಲಿ ಎರಡು ಕುಣಿಮಗ್ಗ – ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ಒಂದರ ಮೇಲೆ ನನ್ನ ಯಜಮಾನರು. ಇನ್ನೊಂದರ ಮೇಲೆ ಮಲ್ಲಪ್ಪ, ತಾಯಿ ತಂದೆ ಇಲ್ಲದ ಹುಡುಗ, ನಮ್ಮ ಅತ್ತೆಯ ಕೈಯಲ್ಲಿ ಉಂಡು ಬೆಳೆದವನು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದ. ಮುಧೋಳದ ಸಂಗಪ್ಪ ಎನ್ನುವವರ ಮಗಳು ತುಂಗವ್ವನ ಜೊತೆ ಅವನ ಮದುವೆ ಗಟ್ಟಿಯಾಗಿತ್ತು. ಹುಡುಗಿಯನ್ನು ಅವನು ಒಂದು ಸಲ ನೋಡಿದ್ದನೋ ಇಲ್ಲವೋ. ಆದರೆ ದಿನದ ಕೆಲಸ ತೀರಿದ ಮೇಲೆ ಅದೇ ಮಗ್ಗದ ಮೇಲೆ ಅವಳಿಗಾಗಿ ಒಂದು ಹಸಿರು ಸೀರೆ ನೇಯುತ್ತಿದ್ದ, ಕೆಂಪು ದಡಿಯದ್ದು. ಅದು ಅರ್ಧ ಆಗಿತ್ತು.

ನಾನು ಮೊದಲ ಬಸುರಿ. ಯಜಮಾನರು ನೂಲು ತರಲು ಸೊಲ್ಲಾಪುರಕ್ಕೆ ಹೋಗಿದ್ದರು. ಅತ್ತೆ ನೀಲವ್ವ ದಿನಾ ಮುಂಜಾನೆ ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದರು.

"ಏನ ತಿನ್ನಬೇಕು ಅನಸತೈತಿ ಹೇಳವಾ. ಬಸುರಿ ಬಯಸಿದ್ದ ಕೊಡಲಿಲ್ಲಂದ್ರ ಕೂಸಿನ ಕಿವಿ ಸೋರತಾವು."

"ಹುಣಸಿಕಾಯಿರಿ," ಅನ್ನುತ್ತಿದ್ದೆ.

ಸುಳ್ಳು. ನನಗೆ ಬೇಕಾಗಿದ್ದದ್ದು ಮಣ್ಣು. ಹಸಿಯಾದ, ನುಣ್ಣಗಿನ, ಮಳೆಯ ವಾಸನೆಯ ಮಣ್ಣು. ಕೇಳಿದ್ದರೆ ಕೊಡುತ್ತಿದ್ದರೇನೋ – ನಾನೇನು ಭೂಮಿಯ ಮೇಲೆ ಮೊದಲ ಮಣ್ಣು ತಿಂದ ಬಸುರಿಯೇ? ಆದರೆ ಹೊಸ ಸೊಸೆ ಬಾಯಿಬಿಟ್ಟು ಮಣ್ಣು ಬೇಕು ಅಂದರೆ ಬೀಳಗಿಯಲ್ಲಿ ನಿನಗೆ ಅನ್ನ ಹಾಕುತ್ತಿರಲಿಲ್ಲವೇ ಎಂದು ಕೇಳುತ್ತಾರೆ ಅಂತ ನಾಚಿಕೆ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಎರೆಮಣ್ಣಿನಲ್ಲಿ ಜೋಡಿ ಎತ್ತು ಮಾಡಿ, ಗುಲಗಂಜಿಯ ಕಣ್ಣು ಹಚ್ಚಿ, ಕೋಡಿಗೆ ಕೋಡಬಳೆ ಹಾಕಿ ಪೂಜೆ ಮಾಡುವ ಹಬ್ಬ. ಪೂಜೆಯಾದ ಎತ್ತುಗಳನ್ನು ನಮ್ಮ ಓಣಿಯಲ್ಲಿ ಗೋಡೆಯ ಮಾಡದಲ್ಲಿ – ದೀಪ ಇಡುವ ಗೂಡಿನಲ್ಲಿ – ಇಟ್ಟು, ಮೋಡ ಕಟ್ಟಿದಾಗ ಮಾಳಿಗೆಯ ಮೇಲೆ ಒಯ್ದಿಡುತ್ತಿದ್ದರು. ಮೊದಲ ದೊಡ್ಡ ಮಳೆಗೆ ಅವು ಕರಗಬೇಕು. ಎತ್ತು ಕರಗಿದರೆ ಮಳೆ ಬಂದ ಲೆಕ್ಕ.

ಹಬ್ಬದ ಮರುದಿನ ಅತ್ತೆ ಹೊರಗೆ ಹೋಗಿದ್ದರು. ನಾನು ಮಾಡದ ಮುಂದೆ ನಿಂತೆ. ಬಲಗಡೆಯ ಎತ್ತಿನ ಕಿವಿ ಸ್ವಲ್ಪ ಸೊಟ್ಟಗಿತ್ತು. ನೆಟ್ಟಗೆ ಮಾಡೋಣ ಅಂತ ಕೈ ಹಾಕಿದೆ – ಅದು ಮುರಿಯಿತು. ಮುರಿದ ಕಿವಿಯನ್ನು ನೆಲಕ್ಕೆ ಹಾಕುವುದು ಸರಿಯೇ? ದೇವರದು. ಬಾಯಿಗೆ ಹಾಕಿಕೊಂಡೆ.

ಏನು ಹೇಳಲಿ. ಹೋಳಿಗೆ ತುಪ್ಪ ಅದರ ಮುಂದೆ ಏನೂ ಅಲ್ಲ.

ಸಂಜೆಗೆ ಒಂದು ಎತ್ತು ಇರಲಿಲ್ಲ. ಜೋಡಿ ಒಡೆಯಬಾರದು ಅಂತ ಇನ್ನೊಂದನ್ನೂ ಮುಗಿಸಿದೆ. ಗುಲಗಂಜಿ ವಿಷ ಅಂತ ನನ್ನ ತಾಯಿ ಹೇಳಿಕೊಟ್ಟಿದ್ದಳು, ಹಾಗಾಗಿ ಕಣ್ಣುಗಳನ್ನು ಮಾತ್ರ ಬಿಡಿಸಿ ಮಾಡದಲ್ಲೇ ಇಟ್ಟೆ. ಇದು ಎಂಥ ಕೆಲಸ ಮಾಡಿತು ಅಂತ ಆಮೇಲೆ ಗೊತ್ತಾಯಿತು. ಅತ್ತೆ ದೀಪ ಹಚ್ಚಲು ಬಂದರೆ ಎತ್ತು ಇಲ್ಲ, ಖಾಲಿ ಮಾಡದಿಂದ ನಾಲ್ಕು ಕೆಂಪು ಕಣ್ಣು ಅವರನ್ನೇ ನೋಡುತ್ತಿವೆ. ಅವರು ಕಿರುಚಿದ್ದು ಬನಹಟ್ಟಿಗೂ ಕೇಳಿಸಿರಬೇಕು.

ಅಲ್ಲಿಗೆ ನಿಲ್ಲಿಸಿದ್ದರೆ ಇಲಿಯ ಮೇಲೆ ಹೋಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ಮಜ್ಜಿಗೆ ಕೇಳುವ ನೆವದಲ್ಲಿ ಪಕ್ಕದ ಮನೆ, ಹೆಪ್ಪು ಕೇಳುವ ನೆವದಲ್ಲಿ ಎದುರಿನ ಮನೆ. ಬಸುರಿ ಬಂದಳು ಅಂದರೆ ಕೂಡ್ರಿಸಿ ಒಳಗೆ ಹೋಗಿ ಏನಾದರೂ ತರುತ್ತಾರೆ. ಅವರು ಒಳಗೆ ಹೋದ ಕೂಡಲೇ ಕಣ್ಣು ಮಾಡದಲ್ಲಿ, ಎತ್ತು ನನ್ನ ಉಡಿಯೊಳಗೆ. ಹೊರಗೆ ಬರುವಾಗ ಅವರು ಕೊಟ್ಟ ಉಂಡೆಯೂ ಉಡಿಯೊಳಗೆ. ಬಾಯಿ ಕಪ್ಪಾಗದಂತೆ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದೆ. ಓಣಿಯಲ್ಲಿ ಮಾಡಗಳು ಖಾಲಿಯಾಗುತ್ತ ಹೋದವು, ಕಣ್ಣು ಉಳಿಯುತ್ತ ಹೋದವು.

ಆ ವರ್ಷ ಮಳೆ ತುಸು ತಡವಾಗಿತ್ತು. ಯಾರೋ ಒಬ್ಬರು ಅಂದರು, "ಇದ ಕಳವ ಅಲ್ಲ. ಯಾವನೋ ಮಳಿ ಕಟ್ಟಾಕತ್ತಾನ. ಎತ್ತ ಒಯ್ದ ಕಣ್ಣ ಬಿಟ್ಟ ಹೋಗ್ತಾನಂದ್ರ ಕಾಯಾಕ ಇಟ್ಟಾನ."

ಆ ಮಾತು ಕೇಳಿ ಎಲ್ಲರಿಗಿಂತ ಹೆಚ್ಚು ಹೆದರಿದವಳು ನಾನು. ಹೆದರಿಕೆಗೆ ಇನ್ನೊಂದು ಎತ್ತು ತಿಂದೆ.

ಹಿರಿಯರು ಜಮಖಂಡಿಗೆ ಸುದ್ದಿ ಕಳಿಸಿದರು – ಓಣಿಯ ಎತ್ತೆಲ್ಲ ಕಳುವಾಗಿವೆ ಅಂತ. ಹವಾಲ್ದಾರರೊಬ್ಬರು ಬಿಸಿಲಿನಲ್ಲಿ ಸೈಕಲ್ಲು ತುಳಿದುಕೊಂಡು ಬಂದರು.

"ಖಿಲಾರಿ ಎತ್ತೇನ?" ಅಂತ ಕೇಳಿದರು.

"ಮಣ್ಣಿನವರಿ," ಅಂದರು ಹಿರಿಯರು.

ಹವಾಲ್ದಾರರು ಕಟ್ಟೆಯ ಮೇಲೆ ಕುಳಿತು ಒಂದು ತಂಬಿಗೆ ನೀರು ಕುಡಿದರು. ಆಮೇಲೆ, "ಮುಂಬೈ ಸರಕಾರದಾಗ ಮಣ್ಣಿನ ಎತ್ತಿಗೆ ಕಲಮ ಇಲ್ಲ. ಯಾವನರ ದಾರೂ ಕಾಸಾಕತ್ತಿದ್ರ ಹೇಳ್ರಿ, ಈಗs ಹಿಡೀತೇನಿ. ಇದು ನಿಮ್ಮ ದೇವರ ಕೆಲಸ, ನೀವs ನೋಡಕೋರಿ," ಎಂದು ಹೋಳಿಗೆ ಕಟ್ಟಿಸಿಕೊಂಡು ಹೋದರು.

ಆಗ ಅತ್ತೆಗೆ ಬುದ್ಧಿ ಹೊಳೆಯಿತು. ಅದು ಹೊಳೆಯದಿದ್ದರೆ – ಇರಲಿ. "ನಮ್ಮ ಮಲ್ಲಪ್ಪನ ಮಾವನ ಹಂತೇಕ ಮುಧೋಳ ನಾಯಿ ಐತಿ," ಅಂದರು. ಸಂಗಪ್ಪನವರು ಎರಡೇ ದಿನದಲ್ಲಿ ಬಂದಿಳಿದರು. ಜೊತೆಗೆ ಮೋತ್ಯಾ. ಉದ್ದನ್ನ ಕಾಲು, ಇದ್ದೂ ಇಲ್ಲದಂಥ ಹೊಟ್ಟೆ, ಸಂಸ್ಥಾನಿಕರ ಹಾಗೆ ಯಾರನ್ನೂ ನೋಡದ ಮುಖ.

ಓಣಿಯ ಮುದುಕನೊಬ್ಬ ಕೇಳಿದ, "ಇದು ಮೊಲಾ ಕಂಡ್ರ ಬೆನ್ನ ಹತ್ತೂ ನಾಯಲ್ಲೇನಪಾ ಸಂಗಪ್ಪಾ? ಮೂಸಿ ಕಳ್ಳನ್ನ ಹಿಡೀತೈತೇನ?"

"ಮೊಲಾ ಹಿಡಿಯೂದಕ್ಕ ಕಳ್ಳ ಯಾವ ಗಿಡದ ತಪ್ಪಲಾ?" ಅಂದರು ಸಂಗಪ್ಪನವರು. "ನನ್ನ ನಾಯಿ ಇವತ್ತಿನ ತನಕ ಸುಳ್ಳ ಹೇಳಿಲ್ಲ."

ನಮ್ಮ ಬಾಗಿಲ ಮುಂದೆ ಓಣಿಯೆಲ್ಲ ನೆರೆಯಿತು. ಗುಲಗಂಜಿಗಳನ್ನು ಅಂಗೈಯಲ್ಲಿ ಹಾಕಿ ಮೋತ್ಯಾನ ಮೂಗಿಗೆ ಹಿಡಿದರು. ಅದು ಒಂದು ಸಲ ಸೀನಿತು. ಜನರನ್ನು ಸುತ್ತು ಹಾಕಿತು. ಆಮೇಲೆ ನೆಟ್ಟಗೆ ನಡೆದು ಬಂದು – ನನ್ನ ಕೈ ನೆಕ್ಕತೊಡಗಿತು. ಬೆರಳು ಬೆರಳು ಬಿಡಿಸಿ, ಉಗುರು ಉಗುರಿನ ಸಂದಿ ಹುಡುಕಿ ನೆಕ್ಕಿತು. ನೆಕ್ಕಿ ಮುಗಿಸಿ ನನ್ನ ಕಾಲ ಬುಡದಲ್ಲಿ ಕುಳಿತುಬಿಟ್ಟಿತು.

ನನ್ನ ಜೀವ ಅಲ್ಲೇ ಕರಗಿತು. ಆಯಿತು, ನಾಯಿ ಹೇಳಿಬಿಟ್ಟಿತು ಅಂದುಕೊಂಡೆ. ಅತ್ತೆಗೆ ಕಣ್ಣಲ್ಲಿ ನೀರು ಬಂತು.

"ನೋಡ್ರಿ, ಎರಡ ಜೀವದಾಕಿ ಅಂತ ನಾಯಿಗೂ ತಿಳೀತು. ಶರಣ ಮಾಡಿ ಕುಂತೈತಿ."

"ಜಾತಿ ನಾಯಿ ಅಂದ್ರ ಇದು," ಎಂದರು ಸಂಗಪ್ಪನವರು.

ಆ ದಿನ ಖರೆ ಹೇಳಿದ್ದು ನಾಯಿ ಒಂದೇ. ಅದರ ಮಾತು ಯಾರಿಗೂ ತಿಳಿಯಲಿಲ್ಲ.

ಆಗ ಹಿರಿಯರಲ್ಲಿ ಒಬ್ಬರು ನನ್ನನ್ನು ಕೇಳಿದರು, "ಹಗಲೆಲ್ಲಾ ಮನ್ಯಾಗ ಇರಾಕಿ ನೀ. ಯಾರ ಕೈಯಾಗರ ಎರಿಮಣ್ಣ ಕಂಡೀ ಏನವಾ?"

ಅವರಿಗೆ ಏನೂ ಸಂಶಯವಿರಲಿಲ್ಲ. ಸುಮ್ಮನೆ ಕೇಳಿದ್ದು. ಇಲ್ಲರಿ ಅಂದಿದ್ದರೆ ಮುಗಿದಿತ್ತು. ಆದರೆ ನಾಯಿ ನನ್ನ ಕಾಲ ಬುಡದಲ್ಲೇ ಇತ್ತು, ಮತ್ತೆ ಕೈ ಮೂಸುತ್ತಿತ್ತು, ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ ಅನ್ನಿಸಿತು, ಅವರ ಕಣ್ಣನ್ನು ಬೇರೆ ಯಾವುದಾದರೂ ಕೈ ಮೇಲೆ ಹಾಕಬೇಕು ಅಂತ –

"ಮಲ್ಲಪ್ಪಣ್ಣನ ಕೈಗೆ ಮಣ್ಣಿತ್ತರಿ," ಅಂದೆ.

ಖರೆ ಮಾತು. ಅವನ ಮಗ್ಗದ ಕುಣಿಯ ಅಂಚು ಕುಸಿದಿತ್ತು. ಅವನು ಎರೆಮಣ್ಣು ಕಲಸಿ ಅದನ್ನು ಸಾರಿಸುತ್ತಿದ್ದ. ನಮ್ಮ ಮನೆಯ ಕೆಲಸವೇ ಮಾಡುತ್ತಿದ್ದ. ನಾನೇ ನೀರು ಹಾಕಿ ಕೊಟ್ಟಿದ್ದೆ. ಅರ್ಧ ಹೇಳಿದೆ, ಅರ್ಧ ನುಂಗಿದೆ. ಅಷ್ಟೇ ಮಾಡಿದ್ದು, ಅಷ್ಟರಲ್ಲೇ ಎಲ್ಲ ಆಯಿತು.

ಗದ್ದಲ ಏನು ಅಂತ ನೋಡಲು ಮಲ್ಲಪ್ಪ ಅದೇ ಹೊತ್ತಿಗೆ ಬಾಗಿಲಿಗೆ ಬಂದ. ಮೊಣಕೈ ತನಕ ಮಣ್ಣು. ಓಣಿಯೆಲ್ಲ ಅವನ ಕಡೆ ತಿರುಗಿತು. ಮೋತ್ಯಾನೂ ತಿರುಗಿತು. ಮಲ್ಲಪ್ಪ ನಾಯಿಯನ್ನು ನೋಡಿದ – ಮತ್ತು ಓಡಿದ.

ಅವನಿಗೆ ನಾಯಿ ಅಂದರೆ ಪ್ರಾಣ ಹೋಗುತ್ತಿತ್ತು. ಮರಿ ಕಂಡರೂ ಓಣಿ ಬದಲಿಸುವವನು. ಇದು ನಮಗೆ ಗೊತ್ತು, ಮೋತ್ಯಾನಿಗೆ ಗೊತ್ತಿಲ್ಲ. ಓಡುವುದನ್ನು ಬೆನ್ನು ಹತ್ತುವುದು ಅದರ ಧರ್ಮ. ಓಣಿಯ ಉದ್ದಕ್ಕೂ ಆ ಹೊತ್ತು ಹಾಸು ಹಿಡಿದಿದ್ದರು – ಸೀರೆಗೆ ಬೇಕಾದ ನೂಲನ್ನೆಲ್ಲ ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಮಲ್ಲಪ್ಪ ಅದರ ಕೆಳಗೆ ನುಗ್ಗಿದ. ನಾಯಿ ಮೇಲಿಂದ ಜಿಗಿಯಿತು. ಸಂಗಪ್ಪನವರು ಕೆಳಗೂ ಅಲ್ಲ ಮೇಲೂ ಅಲ್ಲ, ನಡುವೆ ಹೋದರು. ಗಂಜಿಯ ಗಡಿಗೆ ಉರುಳಿತು. ನೂಲು ಸುತ್ತಿಕೊಂಡ ಮೂವರೂ ಬಸವಣ್ಣನ ಗುಡಿಯ ತನಕ ಒಂದೇ ಮೆರವಣಿಗೆಯಾಗಿ ಹೋದರು. ಹಿಂದಿನಿಂದ ಹಾಸಿನ ಒಡೆಯ, "ನನ್ನ ನೂಲ ಬಿಟ್ಟ ಓಡ್ರಲೇ," ಎಂದು ಕೂಗುತ್ತಿದ್ದ. ನಾನು ನೋಡುತ್ತ ನಿಂತೆ. ನಗು ಬಂತು – ಇದನ್ನೂ ಹೇಳಿಬಿಡುತ್ತೇನೆ, ನಗು ಬಂತು.

ಎಲ್ಲರೂ ಹೋಗಿ ನೋಡಿದಾಗ ಮಲ್ಲಪ್ಪ ಗುಡಿಯ ಮುಂದಿನ ಬೇವಿನ ಗಿಡದ ಮೇಲಿದ್ದ. ಅವನ ಧೋತರ ಮೋತ್ಯಾನ ಬಾಯಲ್ಲಿತ್ತು.

"ನಾ ನಾಯಿಗೆ ಅಂಜತೇನ್ರಿ, ಸಣ್ಣಂವಿದ್ದಾಗಿಂದ ಅಂಜತೇನಿ," ಅಂತ ಮೇಲಿಂದ ಕೂಗಿದ.

"ಕಳ್ಳಗs ನಾಯಿ ಅಂಜಿಕಿ," ಎಂದರು ಸಂಗಪ್ಪನವರು. ಮೈತುಂಬ ಗಂಜಿ, ಮೀಸೆಯಲ್ಲಿ ನೂಲು.

ಆಗ ಮಲ್ಲಪ್ಪ ಗುಂಪಿನಲ್ಲಿ ನನ್ನನ್ನು ಕಂಡ.

"ವೈನೀ, ಕುಣಿ ಸಾರಸಾಕತ್ತಿದ್ನಿ ಅಂತ ಹೇಳ್ರಿ. ನಿಮಗ ಗೊತ್ತೈತೆಲ್ಲಾ."

ನನ್ನ ಬಾಯಿ ತುಂಬಿತ್ತು. ಅವರೆಲ್ಲ ಓಡುವಾಗ, ಹೆದರಿಕೆಗೆ, ಉಡಿಯಲ್ಲಿದ್ದ ಒಂದು ಕೋಡಿನ ತುಂಡನ್ನು ಬಾಯಿಗೆ ಹಾಕಿಕೊಂಡಿದ್ದೆ. ತೆರೆದರೆ ಹಲ್ಲು ಕಪ್ಪು. ಇದನ್ನು ನೆಪ ಅಂತ ಹೇಳುತ್ತಿಲ್ಲ. ಉಗುಳಬಹುದಿತ್ತು. ಉಗುಳಲು ಎಷ್ಟು ಹೊತ್ತು ಬೇಕು? ನಾನು ಸೆರಗು ಮುಂದೆ ಎಳೆದು ನೆಲ ನೋಡಿದೆ.

ಸಂಗಪ್ಪನವರು ಅಲ್ಲೇ ನಿಂತು ಮದುವೆ ಮುರಿದರು. "ನನ್ನ ನಾಯಿ ಹಿಡದಂವಗ ನನ್ನ ಮಗಳನ್ನ ಕೊಟ್ಟರ ನಾಳೆ ನಾಯಿ ಮಾರಿ ಹೆಂಗ ನೋಡ್ಲಿ?" ಅಂದರು. ಹಿರಿಯರು ಮಲ್ಲಪ್ಪನಿಗೆ ಓಣಿ ಬಿಡಲು ಹೇಳಿದರು. ಅವನು ಎರವಲು ಧೋತರ ಉಟ್ಟು ಬನಹಟ್ಟಿಯ ಹಾದಿ ಹಿಡಿದ. ಅತ್ತೆ ಅತ್ತರು, ಆದರೆ ತಡೆಯಲಿಲ್ಲ.

ಮರುದಿನ ಮಳೆ ಬಂತು.

ಎಂಥ ಮಳೆ ಅಂತೀರಿ – ಮಾಳಿಗೆ ಸೋರಿ ಮಗ್ಗದ ಕುಣಿಗೆ ನೀರು ನಿಂತಿತು. ಒಂದು ವಾರ ತಡೆದು ಬಂದಿದ್ದರೆ ಯಾರಾದರೂ ಒಬ್ಬರು ವಿಚಾರ ಮಾಡುತ್ತಿದ್ದರು. ಮರುದಿನವೇ ಬಂದದ್ದಕ್ಕೆ ಮಲ್ಲಪ್ಪ ಮಳೆ ಕಟ್ಟಿದ್ದ ಅನ್ನುವುದು ಪಕ್ಕಾ ಆಯಿತು. ನಾಯಿಯ ಮೂಗನ್ನು ಸಂಶಯಿಸಿದ್ದ ಮುದುಕನೂ ಒಪ್ಪಿಕೊಂಡ.

ಓಣಿಯಲ್ಲಿ ಇನ್ನು ಎತ್ತು ಇರಲಿಲ್ಲ, ನನ್ನ ಬಯಕೆ ಇತ್ತು. ಮಲ್ಲಪ್ಪ ಸಾರಿಸಿದ ಕುಣಿಯ ಅಂಚನ್ನು ಉಗುರಿನಿಂದ ಕೆರೆದು ತಿನ್ನತೊಡಗಿದೆ. ಅವನ ಮೇಲೆ ಸುಳ್ಳು ಹೊರಿಸಿ, ಅವನ ಕೈಯ ಮಣ್ಣನ್ನೇ ತಿಂದೆ. ಕೆಲವು ದಿನದ ಮೇಲೆ ಅವನು ತನ್ನ ಲಾಳಿ ಒಯ್ಯಲು ಬಂದ. ಒಳಗೆ ಬಗ್ಗಿ, ಕುಣಿಯ ಅಂಚಿನ ಮೇಲೆ ಕೈಯಾಡಿಸಿದ. ನನ್ನನ್ನು ನೋಡಿದ. ಲಾಳಿ ತೆಗೆದುಕೊಂಡು ಹೋದ. ಮಗ್ಗದ ಮೇಲಿದ್ದ ಸೀರೆಯನ್ನು ಮುಟ್ಟಲಿಲ್ಲ.

ಆ ಸೀರೆಯನ್ನು ನನ್ನ ಯಜಮಾನರು ಬಂದು ನೇಯ್ದು ಮುಗಿಸಿದರು. ಹಸಿರು ಸೀರೆ ಹೇಗೂ ಇದೆಯಲ್ಲ ಎಂದು ಅತ್ತೆ ಅದನ್ನೇ ನನ್ನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಉಡಿಸಿದರು. ತುಂಗವ್ವನಿಗೆ ನೇಯ್ದ ಸೀರೆ. ಉಡಿ ತುಂಬಿಸಿಕೊಂಡು, ಆರತಿ ಮಾಡಿಸಿಕೊಂಡು ಕುಳಿತೆ. ಆಮೇಲೆ ಒಂದು ದಿನವೂ ಅದನ್ನು ಉಡಲಿಲ್ಲ. ಟ್ರಂಕಿನ ತಳದಲ್ಲಿದೆ.

ನಮ್ಮ ಕಡೆ ಅಡ್ಡಹೆಸರು ಹುಟ್ಟಲು ಹೊತ್ತು ಬೇಕಿಲ್ಲ. ಉಳ್ಳಾಗಡ್ಡಿ ಮಾರಿದವರು ಉಳ್ಳಾಗಡ್ಡಿಯವರು, ಮೆಣಸಿನಕಾಯಿ ಮಾರಿದವರು ಮೆಣಸಿನಕಾಯಿಯವರು. ಮಲ್ಲಪ್ಪ ಎತ್ತುಗಳ್ಳ ಆದ. ರಬಕವಿಯಿಂದ ಬನಹಟ್ಟಿಗೆ ಹೆಸರು ಅವನಿಗಿಂತ ಮೊದಲೇ ನಡೆದು ಹೋಗಿತ್ತು. ತುಂಗವ್ವನನ್ನು ಬೇರೆ ಕಡೆ ಕೊಟ್ಟರು. ಇವನಿಗೆ ಬಹಳ ವರ್ಷ ಯಾರೂ ಹೆಣ್ಣು ಕೊಡಲಿಲ್ಲ, ಹೆಸರು ಕೇಳಿ ಹಿಂದೆ ಸರಿಯುತ್ತಿದ್ದರು. ತಲೆಯಲ್ಲಿ ಬಿಳಿಕೂದಲು ಮೂಡಿದ ಮೇಲೆ ಮದುವೆಯಾದ. ಮಕ್ಕಳು ಸಾಲಿಗೆ ಹೋದರೆ ಎತ್ತುಗಳ್ಳರ ಮಕ್ಕಳು. ಮೊಮ್ಮಗ ಪಾವರ್‌ಲೂಮ್ ಹಾಕಿದರೆ ಎತ್ತುಗಳ್ಳರ ಪಾವರ್‌ಲೂಮ್. ಈಗ ಯಾರಿಗೂ ಕಥೆ ಗೊತ್ತಿಲ್ಲ, ಹೆಸರು ಮಾತ್ರ ಗೊತ್ತು.

ಆ ಮನೆಯಿಂದ ಸುಮಿತ್ರಾಳನ್ನು ಕೇಳಿಕೊಂಡು ಬಂದಾಗ ನನ್ನ ಮಗ, "ಎತ್ತುಗಳ್ಳರ ಮನಿಗೆ ಹೆಣ್ಣ ಕೊಡೂದೇನಬೇ?" ಅಂದ. ನಾನು ಒಂದೇ ಹಟ ಹಿಡಿದೆ – ಕೊಟ್ಟರೆ ಅಲ್ಲಿಗೇ. ಎಲ್ಲರೂ ನನ್ನದು ದೊಡ್ಡ ಮನಸ್ಸು ಅಂದರು. ಮದುವೆಯ ದಿನ ಮಲ್ಲಪ್ಪ, ಈಗ ನನ್ನ ಬೀಗರು, ನನ್ನೆದುರು ಕೈ ಮುಗಿದು ನಿಂತರು. ನಾನು ಆ ನಮಸ್ಕಾರ ತೆಗೆದುಕೊಂಡೆ. ಕದ್ದ ಎತ್ತುಗಳಿಗಿಂತ ಅದು ದೊಡ್ಡ ಕಳವು.

ಹೋದ ವಾರ ಸುಮಿತ್ರಾಳನ್ನು ನೋಡಲು ಬನಹಟ್ಟಿಗೆ ಹೋಗಿದ್ದೆ. ಹುಡುಗಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಏನೋ ಕಡಿಯುತ್ತಿದ್ದಳು. ಕೈಯಲ್ಲಿ ಒಂದು ಮಣ್ಣೆತ್ತು. ಒಂದು ಕಿವಿ ಇರಲಿಲ್ಲ.

"ನಾ ಗ್ವಾಡಿ ಕೆರೆಯೂದ ಮುತ್ಯಾ ನೋಡಿಬಿಟ್ರಜ್ಜಿ," ಅಂದಳು ನಗುತ್ತ. ಮುತ್ಯಾ ಅಂದರೆ ಅವಳ ಗಂಡನ ಅಜ್ಜ, ಮಲ್ಲಪ್ಪ. "ಬೈಲಿಲ್ಲ. ಹೊಳಿಮಣ್ಣ ಸೋಸಿ ತಾವs ಎತ್ತ ಮಾಡಿಕೊಟ್ರು. ಕಣ್ಣಿಗೆ ಗುಲಗಂಜಿ ಹಚ್ಚಿಲ್ಲ, ಜ್ವಾಳದ ಕಾಳ ಹಚ್ಚೇನಿ, ಈ ಸಲ ಕಣ್ಣ ಬಿಡಸೂ ಕೆಲಸಿಲ್ಲ ಅಂದ್ರು. ಈ ಸಲ ಅಂದ್ರ ಏನಜ್ಜಿ?"

ನಾನು ಹೊರಗೆ ಬಂದೆ. ಬೀಗರು ಕಟ್ಟೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಕುಳಿತೆ.

"ಯಾವಾಗಿಂದ ಗೊತ್ತರಿ?" ಅಂತ ಕೇಳಿದೆ.

"ಲಾಳಿ ಒಯ್ಯಾಕ ಬಂದಿದ್ನೆಲ್ಲರಿ ಬೀಗತಿ. ಕುಣಿ ಅಂಚಿಗೆ ಉಗರಿನ ಗುರ್ತ ಇದ್ದು. ನಾಯಿ ಉಗರಲ್ಲ, ಹೆಣ್ಣಮಗಳ ಉಗರು."

"ಯಾಕ ಹೇಳಲಿಲ್ಲ?"

"ಬಸುರಿ ಬಾಯಾಗಿನ ತುತ್ತ ಕಸಗೋತಾರೇನ್ರಿ?" ಅಂದರು. ಮತ್ತೆ ತುಸು ನಕ್ಕು, "ಹೇಳಿದ್ರೂ ಯಾರ ನಂಬತಿದ್ರು? ಮಳಿ ಬಂದುಬಿಟ್ಟಿತ್ತು."

ನಾನೂ ನಕ್ಕೆ. ಆಗ ಅವರು ಓಣಿಯ ಕಡೆ ನೋಡುತ್ತ, ಸಿಟ್ಟಿಲ್ಲದೆ, ಹವೆಯ ಮಾತು ಆಡಿದ ಹಾಗೆ ಅಂದರು, "ಕೂಸ ಹುಟ್ಟಿದ ಮ್ಯಾಲ ನೀವs ಹೇಳತೀರಿ ಅಂತ ಕಾದ್ನಿ. ಭಾಳ ದಿನ ಕಾದ್ನಿ."

ನನ್ನ ಮಗ ಹುಟ್ಟಿದ. ಅವನ ಕಿವಿ ಸೋರಲಿಲ್ಲ. ಅವನು ನಡೆದ, ಸಾಲಿಗೆ ಹೋದ, ಅವನಿಗೆ ಮದುವೆಯಾಯಿತು, ಅವನಿಗೂ ಮಗಳು ಹುಟ್ಟಿದಳು – ಅಷ್ಟು ದಿನ ಒಬ್ಬ ಮನುಷ್ಯ ಪಕ್ಕದ ಊರಿನಲ್ಲಿ ಕುಳಿತು ನನ್ನ ಒಂದು ಮಾತಿಗೆ ಕಾಯುತ್ತಿದ್ದ. ನನ್ನ ಬಾಯಿ ಆಗ ಖಾಲಿ ಇತ್ತು. ಮಣ್ಣೂ ಇರಲಿಲ್ಲ.

ಮುಂದಿನ ಸೋಮವಾರ ಸುಮಿತ್ರಾಳ ಕುಬಸ. ರಬಕವಿಯವರು, ಬನಹಟ್ಟಿಯವರು ಎಲ್ಲ ಬರುತ್ತಾರೆ. ಟ್ರಂಕಿನ ತಳದ ಹಸಿರು ಸೀರೆಯನ್ನು ಬಿಸಿಲಿಗೆ ಹಾಕಿದ್ದೇನೆ. ಅದನ್ನು ಮಲ್ಲಪ್ಪ ಬೀಗರ ಕೈಗೆ ಕೊಡುತ್ತೇನೆ. ಅವರು ಅದನ್ನು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಉಡಿ ತುಂಬಿದ ಮೇಲೆ ಹೆಣ್ಣುಮಕ್ಕಳು ಎಂದಿನಂತೆ ಒಡಪು ಹೇಳಿಸುತ್ತಾರೆ. ಹುಡುಗಿಯರೆಲ್ಲ ಗಂಡನ ಹೆಸರು ಪ್ರಾಸದಲ್ಲಿ ಕೂಡಿಸಿ ಹೇಳಿದ ಮೇಲೆ ನನ್ನ ಕಡೆ ತಿರುಗಿ, ಮುತ್ತಜ್ಜಿ ನೀವೂ ಒಂದು ಹೇಳ್ರಿ ಅನ್ನುತ್ತಾರೆ.

ಆಗ ಎದ್ದು ನಿಂತು, ಮಲ್ಲಪ್ಪನ ಹೆಸರು ಹಿಡಿದು, ಈ ಬರಹದ ಮೊದಲ ಸಾಲನ್ನು ಹೇಳುತ್ತೇನೆ. ಪ್ರಾಸ ಕೂಡುವುದಿಲ್ಲ. ಕೂಡದಿದ್ದರೆ ಕೂಡದಿರಲಿ.